ಮೂರು ವ್ಯಾಟಿನ ಕಹಳೆ

ಬನಶಂಕರಿ ಎರಡನೇ ಹಂತದಲ್ಲಿರುವ ನಮ್ಮಕ್ಕನ ಮನೆಗೆ ಮೊದಲ ಸಲ ಬಂದವರು ಹಾಲ್‌ಗೆ ಕಾಲಿಟ್ಟ ಕೂಡಲೇ ಎರಡು ಕೆಲಸ ಮಾಡುತ್ತಾರೆ. ಪಡುವಣ ಗೋಡೆಯ ಎರಡು ಮೂಲೆಗಳಿಂದ ತಮ್ಮತ್ತಲೇ ಬಾಯಿ ತೆರೆದು ಕೂತಿರುವ ಮರದ ಕಹಳೆಗಳನ್ನು ಕಂಡು ಅರ್ಧ ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ, ಆಮೇಲೆ ಸಾವರಿಸಿಕೊಂಡು, ಅದು ಸ್ಪೀಕರ್ ಎಂದು ತಿಳಿದು, “ಎಷ್ಟು ವ್ಯಾಟು?” ಎಂದು ಕೇಳುತ್ತಾರೆ. ನಮ್ಮ ಭಾವ ಮಾತಾಡದೆ ಮೂರು ಬೆರಳು ತೋರಿಸುತ್ತಾರೆ. ಬಂದವರು “ಅಬ್ಬಾ, ಮೂರು ಸಾವಿರವಾ!” ಎಂದು ಬಾಯಿ ಬಿಟ್ಟರೆಂದರೆ ಆ ಹಾಲ್‌ನಲ್ಲಿ ತೆರೆದ ಬಾಯಿಗಳು ಒಟ್ಟು ಮೂರಾಗುತ್ತವೆ. “ಸಾವಿರ ಇಲ್ಲ, ಬರೀ ಮೂರು” ಎಂದು ಭಾವ ತಣ್ಣಗೆ ಹೇಳುತ್ತಾರೆ. ಬಂದವರ ಮುಖದಲ್ಲಿ ಕನಿಕರ ಮೂಡುತ್ತದೆ. ಅಷ್ಟರಲ್ಲಿ ಅಕ್ಕ ಕಾಫಿ ತರುತ್ತಾಳಾದ್ದರಿಂದ ಮಾತು ಮಕ್ಕಳ ಮದುವೆಯ ಕಡೆಗೆ ಹೊರಳುತ್ತದೆ.

ಅಲ್ಲಿ ನನ್ನದೇನು ಕೆಲಸ ಎಂದು ನೀವು ಕೇಳಬಹುದು. ನಾನು ಆ ಮನೆಯ ಆಸ್ಥಾನ ಶ್ರೋತೃ. ಭಾವ ಒಂದು ಹಲಗೆಯನ್ನು ಅರ್ಧ ಇಂಚು ಆಚೀಚೆ ಸರಿಸಿ “ಈಗ ಹೇಗಿದೆಯೋ?” ಎಂದು ಕೇಳಿದಾಗ “ಪರವಾಗಿಲ್ಲ ಭಾವ, ಮೇಲಿನ ಸ್ಥಾಯಿ ಸ್ವಲ್ಪ ಬಿಚ್ಚಿಕೊಂಡಿತು” ಎಂದು ಗಂಭೀರವಾಗಿ ಹೇಳುವುದಕ್ಕೆ ನನ್ನನ್ನು ನೇಮಿಸಿಕೊಂಡಿದ್ದಾರೆ. ಸಂಬಳ ಕಾಫಿಯ ರೂಪದಲ್ಲಿ. ನನ್ನ ಸಂಗೀತ ಜ್ಞಾನವೆಂದರೆ, ನಿರೂಪಕರು ಮೊದಲೇ ಹೇಳಿದ್ದರೆ ಮಾತ್ರ ಮೋಹನವನ್ನು ಮೋಹನವೆಂದು ಗುರುತಿಸಬಲ್ಲೆ. ಆದರೆ ಭಾವನ ಸಿದ್ಧಾಂತದ ಪ್ರಕಾರ ಶಾಸ್ತ್ರ ಗೊತ್ತಿಲ್ಲದವನ ಕಿವಿಯೇ ನಿಷ್ಪಕ್ಷಪಾತ ಪ್ರಮಾಣ. ಶಾಸ್ತ್ರ ಗೊತ್ತಿದ್ದವರು ರಾಗ ಕೇಳುತ್ತಾರಂತೆ, ನಾನು ಸದ್ದು ಕೇಳುತ್ತೇನಂತೆ. ಇದು ಹೊಗಳಿಕೆಯೋ ತೆಗಳಿಕೆಯೋ ಎಂಬುದನ್ನು ವಿಚಾರಿಸಲು ಹೋಗಿಲ್ಲ.

ವ್ಯಾಟಿನ ಪ್ರಶ್ನೆಗೆ ಬರೋಣ. ನಮ್ಮ ಜನಕ್ಕೆ ಈ ವ್ಯಾಟಿನ ಚಟ ಹತ್ತಿದ್ದು ತೊಂಬತ್ತರ ದಶಕದಲ್ಲಿ ಎಂದು ನನ್ನ ಊಹೆ. ಆಗ ಬಂದ ಕ್ಯಾಸೆಟ್ ಪ್ಲೇಯರುಗಳ ಮೈಮೇಲೆ ಚಿನ್ನದ ಬಣ್ಣದ ಚೀಟಿಯೊಂದು ಅಂಟಿರುತ್ತಿತ್ತು: ಅಷ್ಟು ನೂರು, ಇಷ್ಟು ಸಾವಿರ ವ್ಯಾಟ್, ಪಿ.ಎಂ.ಪಿ.ಓ. ಈ ಚತುರಕ್ಷರಿ ಮಂತ್ರದ ಮಹಿಮೆ ಏನೆಂದರೆ, ಹತ್ತು ವ್ಯಾಟನ್ನು ಸರಿಯಾಗಿ ಕೊಡಲಾರದ ಪೆಟ್ಟಿಗೆಯೂ ಅದನ್ನು ಧರಿಸಿದೊಡನೆ ಸಾವಿರ ವ್ಯಾಟಿನ ವೀರಭದ್ರನಾಗಿಬಿಡುತ್ತಿತ್ತು. ಅಳೆಯುವುದಕ್ಕೆ ಯಾವ ನಿಯಮವೂ ಇರಲಿಲ್ಲ. ತಯಾರಿಸಿದವನ ಧೈರ್ಯವೇ ನಿಯಮ. ಗೋಡೆಯ ಪ್ಲಗ್ಗಿನಿಂದ ಬರುವ ಕರೆಂಟಿಗಿಂತ ಎಷ್ಟೋ ಪಟ್ಟು ಹೆಚ್ಚಿನ ಶಕ್ತಿ ಆ ಪೆಟ್ಟಿಗೆಯಿಂದ ಹೊರಬರುತ್ತದೆಂದು ನಾವೆಲ್ಲ ನಂಬಿದ್ದೆವು. ಅದು ನಿಜವಾಗಿದ್ದರೆ ರಾಜ್ಯದ ವಿದ್ಯುತ್ ಸಮಸ್ಯೆ ಆಗಲೇ ಬಗೆಹರಿಯಬೇಕಿತ್ತು.

ಭಾವನ ಮೂರು ವ್ಯಾಟು ಮಾತ್ರ ಅಪ್ಪಟ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಶುರುವಾದದ್ದು 1954ರಲ್ಲಿ. ರೇಡಿಯೊಗಳಿಗೆ ಬೇಕಾದ ಗಾಜಿನ ವಾಲ್ವುಗಳನ್ನು ಒಂದು ಕಾಲದಲ್ಲಿ ಅವರೇ ಮಾಡುತ್ತಿದ್ದರು. ಅಂಥ ಇ.ಎಲ್. 84 ಎಂಬ ಬೆರಳುದ್ದದ ವಾಲ್ವು ಒಂದು ಕಿವಿಗೆ ಒಂದರಂತೆ ಭಾವನ ಆಂಪ್ಲಿಫೈಯರಿನಲ್ಲಿ ಕೆಂಪಗೆ ಉರಿಯುತ್ತದೆ. ಎಸ್.ಪಿ. ರಸ್ತೆಯ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ, ಕಂಪ್ಯೂಟರ್ ಕೇಬಲ್ಲುಗಳ ಗುಡ್ಡದ ಹಿಂದೆ, ಹಳದಿಗಟ್ಟಿದ ರಟ್ಟಿನ ಡಬ್ಬಿಯಲ್ಲಿ ಇವು ಸಿಕ್ಕಿದ ದಿನ ಭಾವ ಮನೆಗೆ ಬಂದ ವೈಖರಿ ನೋಡಿ ಅಕ್ಕ, ಪಿಂಚಣಿ ಏರಿಸಿದರೇನೋ ಅಂದುಕೊಂಡಿದ್ದಳು.

ಹಾಗಾದರೆ ಮೂರು ವ್ಯಾಟಿಗೆ ಹಾಲ್ ತುಂಬುವುದು ಹೇಗೆ? ಇಲ್ಲಿ ಸ್ವಲ್ಪ ಭೌತಶಾಸ್ತ್ರ ಬರುತ್ತದೆ, ಕಾಫಿ ಇದ್ದರೆ ತಂದುಕೊಳ್ಳಿ. ಸ್ಪೀಕರಿನ ಕಾಗದದ ಕೋನ್ ತೆರೆದ ಗಾಳಿಯಲ್ಲಿ ಅಲುಗುವುದೆಂದರೆ ಬರಿಗೈಯಿಂದ ಗಾಳಿ ಹಾಕಿಕೊಂಡ ಹಾಗೆ. ಕೈ ನೋಯುತ್ತದೆ, ಬೆವರು ಆರುವುದಿಲ್ಲ. ಅದೇ ಕೈಗೆ ಬೀಸಣಿಗೆ ಕೊಟ್ಟರೆ? ಕಹಳೆಯೇ ಆ ಬೀಸಣಿಗೆ. ಸಾಮಾನ್ಯ ಪೆಟ್ಟಿಗೆ ಸ್ಪೀಕರಿಗೆ ನಾವು ಕೊಡುವ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲು ಸದ್ದಾದರೆ ಪುಣ್ಯ, ಉಳಿದದ್ದು ಒಳಗಿನ ತಂತಿಸುರುಳಿಯನ್ನು ಬಿಸಿ ಮಾಡಿ ಹೋಗುತ್ತದೆ. ಕಹಳೆ ಕಟ್ಟಿದರೆ ಆ ಪಾಲು ಹತ್ತು, ಇಪ್ಪತ್ತು, ಕೆಲವೊಮ್ಮೆ ಇನ್ನೂ ಮೇಲೆ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಿಂದ ಅಳೆದರೆ ಪೆಟ್ಟಿಗೆಯದು 87 ಡೆಸಿಬಲ್ ಆಸುಪಾಸು, ಒಳ್ಳೆಯ ಕಹಳೆಯದು 105. ಈ ಹದಿನೆಂಟು ಡೆಸಿಬಲ್ ನೋಡುವುದಕ್ಕೆ ಸಣ್ಣದು, ಆದರೆ ಡೆಸಿಬಲ್ಲಿನ ಲೆಕ್ಕ ಬಡ್ಡಿ ಲೆಕ್ಕಕ್ಕಿಂತ ಕ್ರೂರ: ಅಷ್ಟು ಅಂತರ ತುಂಬಲು ಸುಮಾರು 63 ಪಟ್ಟು ಶಕ್ತಿ ಬೇಕು. ಭಾವನ ಮೂರು ವ್ಯಾಟಿಗೆ ಸರಿಸಾಟಿಯಾಗಲು ಎದುರುಮನೆಯವರ ಪೆಟ್ಟಿಗೆಗೆ ನೂರಾ ತೊಂಬತ್ತು ವ್ಯಾಟ್ ಕುಡಿಸಬೇಕು. ಇದನ್ನು ಎದುರುಮನೆಯವರಿಗೆ ಭಾವ ವಿವರಿಸಿದ್ದಾರೆ. ಅಂದಿನಿಂದ ಅವರು ವಾಕಿಂಗ್ ಹೊತ್ತು ಬದಲಾಯಿಸಿಕೊಂಡಿದ್ದಾರೆ.

ಕಹಳೆ ಎಂದ ಕೂಡಲೇ ನಿಮಗೆ ನೆನಪಾಗುವುದು ಮರದ ಕಹಳೆ ಇರಲಾರದು, ಮೈಕ್‌ಸೆಟ್ಟಿನ ಅಲ್ಯೂಮಿನಿಯಂ ಹಾರ್ನು. ನನಗೂ ಅದೇ. ಕನಕಪುರದ ಕಡೆಯ ನಮ್ಮಜ್ಜಿಯ ಊರಿನ ಟೂರಿಂಗ್ ಟಾಕೀಸಿನವರು ತೆಂಗಿನಮರದ ಅರ್ಧಕ್ಕೆ ಎರಡು ಹಾರ್ನುಗಳನ್ನು ಬೆನ್ನಿಗೆ ಬೆನ್ನು ಮಾಡಿ ಕಟ್ಟಿದ್ದರು. ಸಂಜೆ ಘಂಟಸಾಲರ ವೆಂಕಟೇಶ ಸ್ತುತಿ ಶುರುವಾಯಿತೆಂದರೆ ಇನ್ನು ಸ್ವಲ್ಪ ಹೊತ್ತಿಗೆ ಟಿಕೆಟ್ ಕೊಡುತ್ತಾರೆಂದು ಸುತ್ತಲಿನ ಹಳ್ಳಿಗಳಿಗೆಲ್ಲ ತಿಳಿಯುತ್ತಿತ್ತು. ಹೊಲದಲ್ಲಿದ್ದವರು ಗುದ್ದಲಿ ಎತ್ತಿಕೊಂಡು ಹೊರಡುತ್ತಿದ್ದರು, ಅಜ್ಜಿ ದೀಪ ಹಚ್ಚುತ್ತಿದ್ದಳು, ನಾನು ಅವಳ ಸೆರಗು ಹಿಡಿದು ನಾಲ್ಕಾಣೆಗೆ ರಾಗ ಎಳೆಯುತ್ತಿದ್ದೆ. ಆ ಹಾರ್ನಿನ ಬಾಯಿಯಿಂದ ಘಂಟಸಾಲರ ಗಂಭೀರ ಕಂಠದಲ್ಲಿ ಗಾಂಭೀರ್ಯವೊಂದನ್ನು ಬಿಟ್ಟು ಮಿಕ್ಕೆಲ್ಲ ಬರುತ್ತಿತ್ತು. ಮೂಗಿನಿಂದ ಹಾಡುತ್ತಾರೆಂದೇ ನಾನು ಬಹಳ ದಿನ ನಂಬಿದ್ದೆ. ಆದರೂ ಮದುವೆಮನೆಗೆ ಮೈಕ್‌ಸೆಟ್ಟಿನವನು ಸೈಕಲ್ಲಿನ ಹಿಂದೆ ಹಾರ್ನು ಕಟ್ಟಿಕೊಂಡು ಬಂದ ಎಂದರೆ ಮದುಮಗನನ್ನು ಕೇಳುವವರಿರಲಿಲ್ಲ. ಅವನು ಯೂನಿಟ್ಟನ್ನು ಹಾರ್ನಿನ ಕತ್ತಿಗೆ ತಿರುಗಿಸಿ ಕೂರಿಸುವುದು, ತಂತಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸುಲಿಯುವುದು, “ಹಲೋ, ಮೈಕ್ ಟೆಸ್ಟಿಂಗ್” ಎಂದು ಹೇಳಿ ತಾನೇ ತಲೆದೂಗುವುದು, ಇವನ್ನು ಸುತ್ತ ನಿಂತು ನೋಡುತ್ತಿದ್ದ ಹುಡುಗರಲ್ಲಿ ದೊಡ್ಡವರಾದ ಮೇಲೆ ಎಂಜಿನಿಯರಾಗಬೇಕೆಂದು ನಿಶ್ಚಯಿಸಿದವರು ಇಬ್ಬರು ಮೂವರಾದರೂ ಇದ್ದರು. ನಾನು ಮದುವೆಮನೆಯ ಹೋಳಿಗೆಯ ಕಡೆ ಹೋದೆ.

ಆ ಹಾರ್ನನ್ನು ನಿಂದಿಸುವುದು ತರವಲ್ಲ ಎನ್ನುತ್ತಾರೆ ಭಾವ. ಅದರ ಧರ್ಮವೇ ಬೇರೆ. ಉದ್ದನೆಯ ಕಹಳೆಯನ್ನು ಒಳಗೊಳಗೇ ಮಡಚಿ ಗಿಡ್ಡ ಮಾಡಿದ್ದಾರೆ; ಬಾಯಿ ಒಂದೂವರೆ ಅಡಿ ಅಗಲವಾದ್ದರಿಂದ ಕೆಳಗಿನ ಸ್ವರಗಳು ಹೊರಗೆ ಬರಲಾರವು; ಮೇಲಿನವನ್ನೂ ಒಂದು ಮಟ್ಟಕ್ಕೆ ಕತ್ತರಿಸಿದೆ. ಉಳಿದದ್ದೆಲ್ಲ ಎರಡರಿಂದ ನಾಲ್ಕು ಸಾವಿರ ಹರ್ಟ್ಸ್ ಸುತ್ತಮುತ್ತ ಗುಂಪುಗೂಡುತ್ತದೆ, ಮನುಷ್ಯನ ಕಿವಿ ಅತ್ಯಂತ ಚುರುಕಾಗಿರುವುದೂ ಅಲ್ಲಿಯೇ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಬೊಂಬಾಯಿಯ ಶಿಕಾಗೊ ರೇಡಿಯೊದವರು ಕಾಂಗ್ರೆಸ್ ಅಧಿವೇಶನಗಳಿಗೆ ಧ್ವನಿವರ್ಧಕ ಒದಗಿಸದಿದ್ದರೆ ಗಾಂಧೀಜಿಯ ಮೆಲುದನಿ ಲಕ್ಷಾಂತರ ಜನಕ್ಕೆ ತಲುಪುವುದು ಹೇಗಿತ್ತು? ಅಲ್ಲಿ ಬೇಕಾದದ್ದು ಮಾತು ಅರ್ಥವಾಗುವುದು, ಮಾಧುರ್ಯವಲ್ಲ. ಅದೇ ಹಾರ್ನಿಗೆ ಆಲಾಪನೆ ಮಾಡು ಎಂದು ಕೂರಿಸಿದವರು ನಾವು.

ಸದ್ದಿಗಾಗಿ ಸೊಗಸನ್ನು ಅಡವಿಡುವ ವ್ಯವಹಾರ ಸ್ಪೀಕರಿಗಿಂತ ಹಳೆಯದು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ತಟ್ಟೆಗೆ ಹಾಡಿದಾಗ ಮೈಕು ಎಂಬುದಿರಲಿಲ್ಲ. ಗೋಡೆಗೆ ಹೊಂದಿಸಿದ ಕಹಳೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಆ ಮಹಾತಾಯಿ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿಗೆ ಬಂದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ಮೈಸೂರಿನಲ್ಲಿ ಹೆಚ್ಚುಕಡಿಮೆ ಅದೇ ಕಾಲಕ್ಕೆ ಪಿಟೀಲು ಚೌಡಯ್ಯನವರಿಗೆ ಒಂದು ಚಿಂತೆ ಹತ್ತಿತ್ತು: ಹಿಂದಿನ ಸಾಲಿನವರಿಗೆ ತಮ್ಮ ಪಿಟೀಲು ಕೇಳುತ್ತಿಲ್ಲ. ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ವಿಲಾಯತಿಯಲ್ಲಿ ಸ್ಟ್ರೋ ಎಂಬಾತ ಇದೇ ರೋಗಕ್ಕೆ ಪಿಟೀಲಿಗೇ ಒಂದು ಲೋಹದ ಕಹಳೆ ಕಟ್ಟಿ 1899ರಲ್ಲಿ ಪೇಟೆಂಟ್ ಪಡೆದಿದ್ದ. ಚೌಡಯ್ಯನವರು ಕಹಳೆಗೆ ಹೋಗದೆ ತಂತಿಗೆ ಹೋದದ್ದು ನಮ್ಮ ಪುಣ್ಯ. ನಾದ ದಪ್ಪವಾಯಿತು, ಶ್ರುತಿ ಕೂಡಿಸುವ ಕಷ್ಟ ಹೆಚ್ಚಾಯಿತು, ಅದನ್ನು ಅವರ ಕೈ ನಿಭಾಯಿಸಿತು. ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಇದೆ. ಅದರೊಳಗೆ ಈಗ ಪಿಟೀಲು ನುಡಿಸುವವರಿಗೂ ಮೈಕು ಬೇಕು.

1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ಕಹಳೆಯ ಹಂಗಿಲ್ಲದ ಕಾಗದದ ಕೋನಿನ ಸ್ಪೀಕರನ್ನು ತಂದರು. ಆಂಪ್ಲಿಫೈಯರುಗಳು ಬಲಿಯುತ್ತ ಹೋದಂತೆ ಶಕ್ತಿಯನ್ನು ಉಳಿಸುವ ಗರಜು ಯಾರಿಗೂ ಉಳಿಯಲಿಲ್ಲ. ಕಹಳೆ ದಿವಾನಖಾನೆಯಿಂದ ಇಳಿದು, ಸಿನಿಮಾ ಪರದೆಯ ಹಿಂದೆ ಸ್ವಲ್ಪ ಕಾಲ ಮರ್ಯಾದೆಯಿಂದ ಬಾಳಿ, ಕೊನೆಗೆ ತೆಂಗಿನಮರ ಹತ್ತಿತು. ಅದನ್ನು ಮರದಿಂದ ಇಳಿಸಿ ಮತ್ತೆ ಹಾಲ್‌ಗೆ ತರುವುದೇ ನಿವೃತ್ತ ಜೀವನದ ಪರಮ ಪುರುಷಾರ್ಥವೆಂದು ಭಾವ ತೀರ್ಮಾನಿಸಿದರು.

ಕಟ್ಟಿದ್ದು ಮಹಡಿಯ ಮೇಲಿನ ಕೋಣೆಯಲ್ಲಿ. ಮೊದಲು ಅಳೆದದ್ದು ಮರವನ್ನಲ್ಲ, ಬಾಗಿಲನ್ನು. ಕಹಳೆಯ ಬಾಯಿಯ ಸುತ್ತಳತೆ ಅದು ನುಡಿಸಬೇಕಾದ ಅತಿ ಕೆಳಗಿನ ಸ್ವರದ ಅಲೆಯಷ್ಟಿರಬೇಕೆಂಬುದು ಶಾಸ್ತ್ರ. ನಲವತ್ತು ಹರ್ಟ್ಸ್ ಬೇಕೆಂದರೆ ಅಲೆಯ ಉದ್ದ ಎಂಟೂವರೆ ಮೀಟರ್, ಅಂದರೆ ಒಂಬತ್ತು ಅಡಿ ವ್ಯಾಸದ ಬಾಯಿ. ಮೂವತ್ತು–ನಲವತ್ತರ ಸೈಟಿನಲ್ಲಿ ಅಂಥದನ್ನು ಎರಡು ಇಟ್ಟರೆ ಮನೆಯವರು ಫುಟ್‌ಪಾತಿನಲ್ಲಿ ಮಲಗಬೇಕು. ನಮ್ಮ ಬಾಗಿಲಿನ ಅಗಲ ಎರಡೂಮುಕ್ಕಾಲು ಅಡಿ. ಹಾಗಾಗಿ ಚೌಕ ಬಾಯಿ ಎಂಬತ್ತು ಸೆಂಟಿಮೀಟರಿಗೆ ನಿಂತಿತು, ಕಹಳೆ ಸುಮಾರು 120 ಹರ್ಟ್ಸ್‌ಗಿಂತ ಕೆಳಗೆ ಇಳಿಯಲಾರದೆಂದು ತೀರ್ಮಾನವಾಯಿತು. ಎಂದೋ ಚೌಕಟ್ಟು ಕೂರಿಸಿದ ಬಡಗಿಯೇ ಹೀಗೆ ನಮ್ಮ ನಾದಸೀಮೆಯನ್ನು ನಿರ್ಧರಿಸಿದ. ಅದಕ್ಕಿಂತ ಕೆಳಗಿನ ಗುಡುಗಿಗೆ ಬೇರೆ ಪೆಟ್ಟಿಗೆ, ಬೇರೆ ಆಂಪ್ಲಿಫೈಯರ್ ಇದೆ. ಅದು ಎಷ್ಟು ವ್ಯಾಟಿನದು ಎಂದು ಕೇಳಿದರೆ ಭಾವ ಹವಾಮಾನದ ಬಗ್ಗೆ ಮಾತಾಡುತ್ತಾರೆ.

ಸಿದ್ದಯ್ಯ ರಸ್ತೆಯಿಂದ ತಂದ ನಾಲ್ಕು ಮಿಲಿಮೀಟರ್ ಪ್ಲೈವುಡ್ಡನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಮೆತ್ತಗಾದ ಮೇಲೆ ಪಕ್ಕೆಲುಬುಗಳ ಮೇಲೆ ಬಗ್ಗಿಸಿ, ಅಂಟು ಹಾಕಿ, ಸಿ-ಕ್ಲ್ಯಾಂಪಿನಿಂದ ಬಿಗಿಯಬೇಕು. ಗಂಟಲ ಬಳಿ ಅಂಗೈಯಗಲಕ್ಕೂ ಕಮ್ಮಿ, ಅಲ್ಲಿಂದ ಪ್ರತಿ ಆರು ಇಂಚಿಗೆ ವಿಸ್ತೀರ್ಣ ಇಮ್ಮಡಿಯಾಗುತ್ತ ಮೂರುಮುಕ್ಕಾಲು ಅಡಿಯಲ್ಲಿ ಬಾಯಿ ಮುಟ್ಟಬೇಕು. ಬರೀ ಸದ್ದು ಬೇಕಿದ್ದರೆ ತಗಡಿನ ಕೊಳವೆಯೂ ಆದೀತು. ಸೊಗಸು ಬೇಕಿದ್ದರೆ ಮಾತ್ರ ಗೋಡೆ ತಾನಾಗಿ ನುಡಿಯಕೂಡದು. ಅದಕ್ಕಾಗಿ ಎರಡು ಪದರ ಪ್ಲೈವುಡ್ಡಿನ ನಡುವೆ ಜರಡಿ ಹಿಡಿದು, ಬಿಸಿಲಿಗೆ ಒಣಗಿಸಿದ ಮರಳನ್ನು ತುಂಬಿದೆವು. ಭಾವ ಬೆರಳಿನ ಗೆಣ್ಣಿನಿಂದ ಇಂಚಿಂಚೂ ತಟ್ಟಿ ಕೇಳಿದರು. ‘ಟಣ್’ ಎಂದರೆ ಇನ್ನಷ್ಟು ಮರಳು. ‘ದಪ್’ ಎಂದರೆ ಮುಂದಕ್ಕೆ. ಕೆಳಗೆ ಅಡುಗೆಮನೆಯಲ್ಲಿ ಅಕ್ಕ ತೆಂಗಿನಕಾಯಿ ತಟ್ಟಿ ನೋಡುತ್ತಿದ್ದಳು. ಮಹಡಿಯ ಮೇಲೂ ಕೆಳಗೂ ಒಂದೇ ವಿಜ್ಞಾನ ನಡೆಯುತ್ತಿತ್ತು, ಕೆಳಗಿನದರಲ್ಲಿ ಊಟ ಸಿಗುತ್ತಿತ್ತು ಅಷ್ಟೆ.

ಮೂಲೆಗಳ ಕಥೆ ಹೇಳದೆ ಬಿಟ್ಟರೆ ತಪ್ಪಾದೀತು. ಅಮೆರಿಕದ ಆರ್ಕನ್ಸಾ ಪ್ರಾಂತದ ಹೋಪ್ ಎಂಬ ಊರಿನಲ್ಲಿ ಪಾಲ್ ಕ್ಲಿಪ್ಶ್ ಎಂಬ ಮಹಾನುಭಾವ 1946ರಿಂದ ಒಂದು ಕಹಳೆಯನ್ನು ಮಾರಲು ತೊಡಗಿದ. ಅವನ ಯುಕ್ತಿ ಏನೆಂದರೆ, ಕಹಳೆಯನ್ನು ಕೋಣೆಯ ಮೂಲೆಗೆ ಒರಗಿಸಿದರೆ ಎರಡು ಗೋಡೆ ಮತ್ತು ನೆಲ ಸೇರಿ ಅದರ ಮುಂದುವರಿದ ಬಾಯಿಯೇ ಆಗಿಬಿಡುತ್ತವೆ, ಮರ ಮಿಗುತ್ತದೆ. ಭಾವ ಇದನ್ನು ಅಕ್ಕನ ಮುಂದೆ ಮಂಡಿಸಿದರು. ಅಕ್ಕ ವಾಸ್ತು ತೆಗೆದಳು. ಈಶಾನ್ಯದಲ್ಲಿ ದೇವರು, ಅಲ್ಲಿ ಆಗದು. ಆಗ್ನೇಯ ಅಗ್ನಿಯದು, ಅಲ್ಲಿ ಕರೆಂಟು ಸಾಮಾನು ಇಟ್ಟರೆ ಉರಿಯುತ್ತದೆ. ನೈಋತ್ಯದಲ್ಲಿ ಭಾರ ಇದ್ದರೆ ಒಳ್ಳೆಯದು, ಇಟ್ಟುಕೊಳ್ಳಿ. ವಾಯವ್ಯ ಗಾಳಿಯ ಮೂಲೆ, ಹೇಗೂ ನಿಮ್ಮದು ಗಾಳಿಯ ಕೆಲಸವೇ. ನೈಋತ್ಯ, ವಾಯವ್ಯ ಎರಡೂ ಪಡುವಣ ಗೋಡೆಯ ಮೂಲೆಗಳು. ಸ್ಟೀರಿಯೊಗೆ ಬೇಕಾದದ್ದೂ ಒಂದೇ ಗೋಡೆಯ ಎರಡು ಮೂಲೆಗಳು. ಆರ್ಕನ್ಸಾ ಮತ್ತು ಬನಶಂಕರಿ ಹೀಗೆ ಒಮ್ಮತಕ್ಕೆ ಬಂದದ್ದನ್ನು ನೋಡಿ ಭಾವ ಅಂದಿನಿಂದ ವಾಸ್ತುವನ್ನು ಬೈಯುವುದು ಬಿಟ್ಟಿದ್ದಾರೆ. ನಾಟ್ಯಮಂಟಪ ಬೆಟ್ಟದ ಗುಹೆಯಂತಿರಬೇಕು, ಕಿಟಕಿಗಳು ಸಣ್ಣವಿರಬೇಕು, ಆಗ ಧ್ವನಿಗೆ ಗಾಂಭೀರ್ಯ ಬರುತ್ತದೆ ಎಂದು ಭರತಮುನಿಯೇ ಹೇಳಿದ್ದಾನೆಂದು ಎತ್ತಿ ತೋರಿಸಿ ಕಿಟಕಿಗಳಿಗೆ ದಪ್ಪ ಪರದೆಯನ್ನೂ ಗಿಟ್ಟಿಸಿಕೊಂಡರು.

ಕೇಳಲು ಹೇಗಿದೆ ಎಂದರೆ, ನನಗೆ ಮಾತು ಸಾಲದು. ಆದರೂ ಸಂಬಳಕ್ಕೆ ನ್ಯಾಯ ಸಲ್ಲಿಸಬೇಕಲ್ಲ. ಇಷ್ಟೆಲ್ಲ ಗರ್ಜನಾಶಕ್ತಿಯ ಯಂತ್ರವನ್ನು ಭಾವ ಹಾಕುವುದು ಬಹಳ ಸಣ್ಣಗೆ, ನಾವು ಪಿಸುಮಾತಿಗಿಂತ ಒಂದು ಮೆಟ್ಟಿಲು ಮೇಲೆ ಮಾತಾಡಿದರೆ ಮುಚ್ಚಿಹೋಗುವಷ್ಟು. ಅಷ್ಟು ಸಣ್ಣಗಿದ್ದಾಗ ಕೋನ್ ಅಲುಗುವುದು ಕೂದಲೆಳೆಯಷ್ಟು. ಅಲುಗಾಟ ಕಮ್ಮಿಯಾದರೆ ವಿಕಾರವೂ ಕಮ್ಮಿ. ಜೋರು ಮಾಡುತ್ತ ಹೋದರೆ ಕಹಳೆಯ ಗಂಟಲಲ್ಲಿ ಒತ್ತಡ ಏರಿ ಗಾಳಿಯೇ ಅಲೆಯನ್ನು ಸೊಟ್ಟ ಮಾಡುತ್ತದಂತೆ. ಯಾವ ಕಂಪನಿಯ ಯೂನಿಟ್ ಹಾಕಿದರೂ ಗಾಳಿಯ ಕಂಪನಿ ಬದಲಾಯಿಸಲಾಗದು. ಸಣ್ಣಗೆ ಹಾಕಿದಾಗ ಹಳೆಯ ಕಛೇರಿಯ ಧ್ವನಿಮುದ್ರಣದಲ್ಲಿ ತಂಬೂರಿಯ ಜೀವಾಳ ಗುಂಯ್ಯೆನ್ನುವುದು, ವಿದ್ವಾಂಸರು ಸಾಹಿತ್ಯ ಎತ್ತಿಕೊಳ್ಳುವ ಮುನ್ನ ತುಟಿ ಬಿಡಿಸುವುದು, ಮೃದಂಗದವರು ಚಾಪು ಹೊಡೆದು ಬೆರಳು ಎತ್ತುವುದು, ಮುಂದಿನ ಸಾಲಿನಲ್ಲಿ ಯಾರೋ ಎಲೆಯಡಿಕೆ ಡಬ್ಬಿ ಮುಚ್ಚುವುದು ಎಲ್ಲ ಬೇರೆ ಬೇರೆಯಾಗಿ ನಿಲ್ಲುತ್ತವೆ. ಒಂದು ತಕರಾರು ಮಾತ್ರ ಉಳಿದಿದೆ. ಸದ್ದು ಸಣ್ಣದಾದಷ್ಟೂ ಕೆಳಗಿನ ಸ್ವರಗಳು ನಮ್ಮ ಕಿವಿಗೆ ಬೇಗ ಮಾಯವಾಗುತ್ತವೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟಿದ್ದಾರೆ. “ಮೃದಂಗದ ತೊಪ್ಪಿ ಕಮ್ಮಿ ಅನ್ನಿಸುತ್ತೆ ಭಾವ” ಎಂದೆ. “ನಿನ್ನ ಕಿವಿ ಬದಲಾಯಿಸು” ಎಂದರು.

ಕಳೆದ ಸಲ ನಮ್ಮ ಬೀದಿಯ ತುದಿಯಲ್ಲಿ ಅಣ್ಣಮ್ಮನನ್ನು ಕೂರಿಸಿದಾಗ ರಾತ್ರಿ ಆರ್ಕೆಸ್ಟ್ರಾ ಇತ್ತು. ಆಳೆತ್ತರದ ಪೆಟ್ಟಿಗೆಗಳ ಗೋಪುರ ಎರಡು. ಅಕ್ಕನ ಅಡುಗೆಮನೆಯಲ್ಲಿ ಲೋಟಗಳು ತಾಳ ಹಾಕುತ್ತಿದ್ದವು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕವೇ ಕೂಡದು. ಭಾವ ಮೊಬೈಲಿನಲ್ಲಿ ಅಳೆದುಕೊಂಡು ಹೊರಟರು, ನಾನು ಜಗಳವಾದರೆ ಬಿಡಿಸುವುದಕ್ಕೋ ನೋಡುವುದಕ್ಕೋ ಹಿಂದೆ ಹೋದೆ. ಮಿಕ್ಸರ್ ಮುಂದೆ ಕೂತಿದ್ದವನು ಇಪ್ಪತ್ತೈದರ ಹುಡುಗ. ಭಾವ ದೂರು ಹೇಳಲು ಹೋದವರು ಅವನ ಯೂನಿಟ್ಟಿನ ಡಯಾಫ್ರಮ್ ಯಾವ ಕಂಪನಿಯದು ಎಂದು ವಿಚಾರಿಸುತ್ತ ನಿಂತುಬಿಟ್ಟರು. “ಇಷ್ಟೊಳ್ಳೆ ಸಾಮಾನು ಇಟ್ಕೊಂಡು ಯಾಕಪ್ಪಾ ಹೀಗೆ ಒಡಕು ಹೊಡೆಸ್ತೀಯ?” ಎಂದರು. ಹುಡುಗ ನಕ್ಕ. “ನಂಗೂ ಗೊತ್ತು ಸಾರ್. ಕ್ಲಿಯರ್ ಆಗಿ ಕೊಟ್ರೆ ಕಮಿಟಿಯವ್ರು ಬಂದು ಸೌಂಡ್ ಇಲ್ಲ ಅಂತ ದುಡ್ಡು ಹಿಡ್ಕೊಂತಾರೆ. ಎದೆ ಗುದ್ದಬೇಕು, ಆಗ್ಲೇ ಪೇಮೆಂಟು.” ಇದಕ್ಕೆ ಭಾವನಲ್ಲಿ ಉತ್ತರವಿರಲಿಲ್ಲ. ನನ್ನಲ್ಲಂತೂ ಯಾವುದಕ್ಕೂ ಇರುವುದಿಲ್ಲ.

ಮಾರನೆಯ ದಿನ ಮಧ್ಯಾಹ್ನ ಭಾವ ಅವನನ್ನು ಮನೆಗೆ ಕರೆದು ಕೂರಿಸಿ ಕಹಳೆ ಕೇಳಿಸಿದರು. ಹುಡುಗ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಒಂದು ಕೀರ್ತನೆ ಪೂರ್ತಿ ಕೇಳಿದ. ಎದ್ದು ಹೋಗಿ ಕಹಳೆಯ ಬಾಯೊಳಗೆ ಕೈ ಹಾಕಿ ಗಂಟಲು ಮುಟ್ಟಿ ನೋಡಿದ, ಗೋಡೆಯನ್ನು ಗೆಣ್ಣಿನಿಂದ ತಟ್ಟಿದ. ಆಮೇಲೆ, “ತುಂಬಾ ಚೆನ್ನಾಗೈತೆ ಸಾರ್” ಎಂದು ಮನಸ್ಸು ಬಿಚ್ಚಿ ಹೇಳಿದ, “ಸೌಂಡೇ ಇಲ್ಲ!” ಭಾವನ ಕಹಳೆಗೆ ಈವರೆಗೆ ಸಿಕ್ಕಿರುವ ಪ್ರಶಸ್ತಿಗಳಲ್ಲಿ ಅದೇ ದೊಡ್ಡದೆಂದು ನನ್ನ ಅಭಿಪ್ರಾಯ. ಭಾವ ಮಾತ್ರ ಇನ್ನೂ ಯೋಚಿಸುತ್ತಿದ್ದಾರೆ.

ಈಗ ಒಂದು ವಿಜ್ಞಾಪನೆ. ಅಕ್ಕನ ಮನೆಯನ್ನು ಕೆಡವಿ ಬಿಲ್ಡರಿಗೆ ಕೊಡುವ ಮಾತು ನಡೆದಿದೆ, ಹೊಸ ಫ್ಲ್ಯಾಟು ಎದ್ದು ನಿಲ್ಲುವವರೆಗೆ ಅವರಿಗೊಂದು ಬಾಡಿಗೆ ಮನೆ ಬೇಕು. ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಕಡೆ ಆದರೂ ಸರಿ. ನೀರು ಎರಡು ದಿನಕ್ಕೊಮ್ಮೆ ಬಂದರೂ ಪರವಾಗಿಲ್ಲ, ಆದರೆ ಹಾಲ್‌ನ ಪಡುವಣ ಗೋಡೆಗೆ ಬಾಗಿಲು ಕಿಟಕಿ ಇರದ ಎರಡು ಶುದ್ಧ ಮೂಲೆಗಳಿರಬೇಕು, ಬಾಗಿಲು ಎರಡೂಮುಕ್ಕಾಲು ಅಡಿಗೆ ಕಮ್ಮಿ ಇರಬಾರದು. ಗಂಡ ಹೆಂಡತಿ ಇಬ್ಬರೇ, ಸಸ್ಯಾಹಾರಿಗಳು, ಬಾಡಿಗೆ ತಿಂಗಳ ಐದರೊಳಗೆ ಕೊಡುತ್ತಾರೆ, ಸದ್ದು ಮಾಡುವವರಲ್ಲ. ಅಂಥ ಮನೆ ಗೊತ್ತಿದ್ದವರು ದಯವಿಟ್ಟು ತಿಳಿಸಿ. ದಲ್ಲಾಳಿಗಳು ಬರುವುದು ಬೇಡ.